ಪ್ರಸ್ಥಾನದ ಗಂಟು

ಬಂಡಿಯ ಗಾಲಿ ನಿಂತ ಮೇಲೂ ಗಯಾಬಾಯಿಯ ಮೈ ಅಲುಗುತ್ತಲೇ ಇತ್ತು. ಹಿಂದಿನ ದಿನ, ಸೋಮವಾರ ಮಧ್ಯಾಹ್ನ ಮೋರಖಂಡಿ ಬಿಟ್ಟು ಹುಮನಾಬಾದಿನವರೆಗೆ ತೊಗರಿ ಚೀಲಗಳ ಮೇಲೆ ಕುಳಿತು, ಮೂರು ಮಕ್ಕಳನ್ನು ಬೀಳದಂತೆ ಹಿಡಿದುಕೊಂಡು ಬಂದಿದ್ದಳು. ಏಳು ವರ್ಷದ ಸಂಗ್ಯಾ ಎತ್ತಿನ ಸಮ ಓಡುತ್ತೇನೆಂದು ಕಲ್ಯಾಣಿ ಊರು ದಾಟುವುದರೊಳಗೇ ಎರಡು ಸಲ ಕೆಳಗೆ ಜಿಗಿದಿದ್ದ. ಐದರ ಮಾಣಿಕಿ ದಾರಿಯಲ್ಲಿ ಸಿಕ್ಕ ಒಂದೊಂದು ಹಳ್ಳದ ಹತ್ತಿರವೂ "ಇದರಾಗ ನೀರು ಐತೇನಬೇ?" ಎಂದು ಕೇಳಿದ್ದಳು. ಯಾವುದರಲ್ಲೂ ಇರಲಿಲ್ಲ. ಎರಡು ತುಂಬಿದ ಗ್ಯಾನಾ ಏನನ್ನೂ ಕೇಳದೆ ತಾಯಿಯ ಎದೆಗೆ ಅಂಟಿಕೊಂಡು ಬೆವರುತ್ತ ಬಂದಿದ್ದ. ಈಗ ಅಣ್ಣನ ಮನೆ ಮುಂದೆ ಇಳಿಯುವ ಹೊತ್ತಿಗೆ ಬೆಳಗಿನ ಬಿಸಿಲು ಆಗಲೇ ಗೋಡೆಯ ಕಲ್ಲನ್ನು ಕಾಯಿಸತೊಡಗಿತ್ತು.

ದಾರಿಯುದ್ದಕ್ಕೂ ಗಯಾಬಾಯಿಯ ಕಣ್ಣ ಮುಂದೆ ಇದ್ದದ್ದು ಒಂದೇ: ತವರಿನ ಪಡಸಾಲೆಯ ಮೂಲೆ. ಜೋಳದ ಕಣಜದ ಮಗ್ಗುಲಿಗೆ ಒಬ್ಬರು ಕಾಲು ಚಾಚುವಷ್ಟು ಜಾಗ. ನೆಲಕ್ಕೆ ಕರಿಯ ಹಾಸುಗಲ್ಲು, ಎಂಥ ಬೇಸಿಗೆಯಲ್ಲೂ ಬೆನ್ನಿಗೆ ತಣ್ಣಗೆ ತಾಗುತ್ತಿತ್ತು. ಅವ್ವ ಇದ್ದಾಗ ಮಗಳು ಬಂದ ದಿನವೇ ಅಲ್ಲಿ ಒಂದು ಕೌದಿ ಹಾಸಿ, "ಇಕಿನ್ನ ಯಾರೂ ಎಬ್ಬಸಬ್ಯಾಡ್ರಿ" ಎಂದು ಮನೆಗೆಲ್ಲ ತಾಕೀತು ಮಾಡುತ್ತಿದ್ದಳು. ಅವ್ವ ಹೋದ ಮಳೆಗಾಲದಲ್ಲಿ ತೀರಿಕೊಂಡಿದ್ದಳು. ಮೂಲೆಯಾದರೂ ಇದೆಯಲ್ಲ ಎಂದುಕೊಂಡು ಗಯಾಬಾಯಿ ಬಂದಿದ್ದಳು. ಹಬ್ಬಕ್ಕೆ ಬಂದವಳಲ್ಲ, ಸೀರೆ ಉಡಿಸಿಕೊಳ್ಳಲು ಬಂದವಳೂ ಅಲ್ಲ. ಗಂಡನ ಮನೆಯಲ್ಲಿ ಕೋಳಿಗಿಂತ ಮೊದಲು ಎದ್ದು ಬೀಸಿ, ನೀರು ಹೊತ್ತು, ಹೊಲಕ್ಕೆ ಬುತ್ತಿ ಒಯ್ದು, ಮಕ್ಕಳ ಜ್ವರ ಕಾದು ಅವಳ ಎಲುಬಿಗೆಲ್ಲ ನಿದ್ದೆ ಬೇಕಾಗಿತ್ತು. ಅದಕ್ಕಾಗಿಯೇ ಬಂದಿದ್ದಳು.

ಅಣ್ಣನ ಹೆಂಡತಿ, ವೈನಿ ಯಶೋದಾಬಾಯಿ ಬಾಗಿಲಿಗೇ ತಂಬಿಗೆ ಹಿಡಿದು ಬಂದಳು. ಕಾಲಿಗೆ ನೀರು ಕೊಟ್ಟು, ರೊಟ್ಟಿ ತುಣುಕು ನಿವಾಳಿಸಿ ಬೀದಿಗೆ ಒಗೆದಳು.

"ಬಂದ್ಯಾ ಗಯಾ? ನಿನ್ನಿಯಿಂದ ನಿನ್ನ ದಾರಿ ನೋಡಾಕತ್ತೀನಿ. ಎಷ್ಟು ಸೊರಗೀಯವ್ವಾ! ಕೊಡು, ಕೂಸಿನ್ನ ಇತ್ತ ಕೊಡು."

ವೈನಿಯ ಮಾತಿನಲ್ಲಿ ಎಂದಿಗಿಂತ ತುಸು ಹೆಚ್ಚಿಗೆ ಬೆಲ್ಲ ಇದ್ದದ್ದು ಗಯಾಬಾಯಿಗೆ ಗೊತ್ತಾಗದೆ ಇರಲಿಲ್ಲ. ಆದರೆ ದಣಿದವರು ಬೆಲ್ಲವನ್ನು ತೂಗಿ ನೋಡುತ್ತ ಕೂಡುವುದಿಲ್ಲ. ಸಂಗ್ಯಾ ಮತ್ತು ಮಾಣಿಕಿ ಆಗಲೇ ವೈನಿಯ ಮಗಳು, ಎಂಟು ವರ್ಷದ ಸರೂನ ಹಿಂದೆ ಹಿತ್ತಿಲಿಗೆ ಓಡಿದ್ದರು.

ಊಟಕ್ಕೆ ಕುಳಿತಾಗ ವಿಷಯ ಹೊರಬಿತ್ತು. ಅಣ್ಣ ಶರಣಪ್ಪನಿಗೆ ಮಾಣಿಕನಗರದಲ್ಲಿ ತೆಂಗಿನಕಾಯಿ, ಕರ್ಪೂರ ಮಾರುವ ಅಂಗಡಿ. ಮನೆಯಲ್ಲಿ ಅವನು ಇರುವುದು ಉಣ್ಣುವಷ್ಟು ಹೊತ್ತು, ಮಾತಾಡುವುದು ರೊಟ್ಟಿ ಮುರಿಯುವಷ್ಟು ಹೊತ್ತು.

"ನೀ ಬಂದದ್ದು ಛಲೋ ಆತು ನೋಡು," ಅಂದ. "ಸಂಜೀಕ ನಿಮ್ಮ ವೈನಿ ತವರಿಗಿ, ಮುಡಬಿಗಿ ಹೊಂಟಾಳ. ಅಕಿ ತಮ್ಮ ಬಂಡಿ ತಗೊಂಡು ಬರ್ತಾನ. ಎಂಟು ಹತ್ತು ದಿನದ ಮಾತು. ಮನ್ಯಾಗ ನೀ ಇದ್ದಿ ಅಂದ್ರ ನನಗ ರೊಟ್ಟಿ ಚಿಂತಿ ಇಲ್ಲ."

ಗಯಾಬಾಯಿಯ ಕೈ ತಾಟಿನಲ್ಲೇ ನಿಂತಿತು. ಒಲೆಯ ಮುಂದೆ ಕುಳಿತಿದ್ದ ಯಶೋದಾಬಾಯಿ ಗಂಡನತ್ತ ತಿರುಗಿ, "ಅಕಿ ಉಂಡು ಏಳೂತನಕಾದ್ರೂ ತಡೀಬಾರದಾಗಿತ್ತೇನ್ರಿ?" ಅಂದಳು. ಆಮೇಲೆ ಗಯಾಬಾಯಿಯ ಮುಖ ನೋಡದೆ, ತವೆಯ ಮೇಲಿನ ರೊಟ್ಟಿಯನ್ನು ನೋಡುತ್ತ ಹೇಳಿದಳು: "ನಿನ್ನ ಮನಸಿಲ್ಲಂದ್ರ ನಾ ಹೋಗೂದಿಲ್ಲವ್ವಾ. ಖರೇನ ಹೇಳಾಕತ್ತೀನಿ. ಇವತ್ತ ಮಂಗಳವಾರ ಅಂತ ನಿನ್ನೀನೇ ಗಂಟು ಒಯ್ದು ಎದುರಿನ ವಜೀರಬಿ ಮನ್ಯಾಗ ಪರಸ್ತಾನ ಇಟ್ಟೀನಿ. ನೀ ಬ್ಯಾಡ ಅಂದ್ರ ಹೋಗಿ ತಂದ್ರ ಆತು."

ಮಂಗಳವಾರ ಹೆಣ್ಣುಮಕ್ಕಳು ಊರು ಬಿಟ್ಟು ಹೊರಡಬಾರದು. ಹೊರಡಲೇಬೇಕಾದರೆ ಹಿಂದಿನ ಒಳ್ಳೆಯ ದಿನವೇ ಬಟ್ಟೆಯ ಗಂಟನ್ನು ಹೊಸ್ತಿಲು ದಾಟಿಸಿ ನೆರೆಮನೆಯಲ್ಲಿ ಇಟ್ಟು ಬರಬೇಕು. ಅದೇ ಪ್ರಸ್ಥಾನ. ಗಂಟು ಹೊರಟಿತೆಂದರೆ ಹೆಂಗಸೂ ಹೊರಟಂತೆಯೇ ಲೆಕ್ಕ. ಮಾರನೆಯ ದಿನ ಅವಳು ಅಲ್ಲಿಂದಲೇ ಗಂಟು ಎತ್ತಿಕೊಂಡು ದಾರಿ ಹಿಡಿಯುತ್ತಾಳೆ. ಆದರೆ ಒಮ್ಮೆ ಇಟ್ಟ ಗಂಟು ತಿರುಗಿ ಮನೆಯ ಹೊಸ್ತಿಲು ದಾಟಿ ಒಳಗೆ ಬಂತೋ, ಆ ಪ್ರಯಾಣ ಮುರಿಯಿತು. ಆ ವರ್ಷ ಮತ್ತೆ ಆ ಊರಿನ ಕಡೆ ಹೆಜ್ಜೆ ಇಡುವಂತಿಲ್ಲ. ಈ ಶಾಸ್ತ್ರ ಯಾವ ಪುಸ್ತಕದಲ್ಲಿದೆಯೋ ಯಾರೂ ಕೇಳಿದವರಿಲ್ಲ, ಮೀರಿದವರೂ ಇಲ್ಲ.

"ಹೋಗ್ರಿ ವೈನಿ," ಅಂದಳು ಗಯಾಬಾಯಿ. "ಪರಸ್ತಾನ ಇಟ್ಟ ಮ್ಯಾಲ ಯಾರರ ಹಿಂದ ತರ್ತಾರೇನು?"

ಹೇಳಿದ್ದು ಬಾಯಿ ಮಾತ್ರ. ವೈನಿ ತನಗೆ ಬರಹೇಳಿ ನಿರೋಪ ಕಳಿಸಿದ್ದು ಇದಕ್ಕೇನು? ಮೋರಖಂಡಿಯ ಒಲೆ ಬಿಟ್ಟು ಹುಮನಾಬಾದಿನ ಒಲೆ ಊದಲು ಇಷ್ಟು ದೂರ ಮೈ ಕುಲುಕಿಸಿಕೊಂಡು ಬರಬೇಕಾಗಿತ್ತೇನು? ಅವ್ವ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ನೆನೆದಾಗ ಅಳು ಬಂತು. ಅಳುವುದಕ್ಕೂ ತ್ರಾಣ ಬೇಕು, ಅದೂ ಇರಲಿಲ್ಲ. ಉಳಿದ ರೊಟ್ಟಿಯನ್ನು ಗ್ಯಾನಾನ ಬಾಯಿಗೆ ತುರುಕಿ ಕೈ ತೊಳೆದಳು.

"ಇಷ್ಟೊತ್ತು ನಿನ್ನದ ಐತಿ, ಮಕ್ಕೋ ಹೋಗು," ಎಂದು ವೈನಿಯೇ ಮೂಲೆಯಲ್ಲಿ ಕೌದಿ ಹಾಸಿಕೊಟ್ಟಳು.

ಹಾಸುಗಲ್ಲು ತಣ್ಣಗೇ ಇತ್ತು. ಗ್ಯಾನಾ ಪಕ್ಕದಲ್ಲಿ ಮಲಗಿದ ಕೂಡಲೇ ನಿದ್ದೆ ಹೋದ. ಗಯಾಬಾಯಿ ಕಣ್ಣು ಮುಚ್ಚಿದಳು. ಅಡಿಗೆಮನೆಯ ಬಾಗಿಲ ಹತ್ತಿರ ಬೀಸುಕಲ್ಲು ಶುರುವಾಯಿತು.

ಗರಗರ ಸದ್ದು ನೆಲದ ಕಲ್ಲಿನಗುಂಟ ಬಂದು ಅವಳ ಕಿವಿಯೊಳಗೇ ಸುತ್ತತೊಡಗಿತು. ಹೊರಡುವ ದಿನವೂ ಈ ಹೆಂಗಸಿಗೆ ಬೀಸುವುದೇನಿದೆ? ತವರಿಗೆ ಬುತ್ತಿ ಕಟ್ಟಿಕೊಳ್ಳಲಿಕ್ಕೆ ಇರಬೇಕು. ಎದ್ದು ಹೋಗಿ ಆ ಗೂಟ ಕಿತ್ತು ಹೊರಗೆ ಒಗೆಯಲೇ ಅನ್ನಿಸಿತು. ಅಷ್ಟರಲ್ಲಿ ಮಾಣಿಕಿ ಅಳುತ್ತ ಬಂದಳು. ಸಂಗ್ಯಾನ ಮಾತು ಕೇಳಿ ಬೇವಿನ ಹಣ್ಣೆಂದು ಹಸಿಯ ಕಾಯಿ ಕಚ್ಚಿದ್ದಳು, ನಾಲಿಗೆ ಕಹಿಯಾಗಿತ್ತು. ಬೆಲ್ಲ ಕೊಟ್ಟು ಕಳಿಸಿದರೆ ಸಂಗ್ಯಾ ಬಂದ. ಹುಣಸೆ ಗಿಡ ಹತ್ತಿ ಇಳಿಯುವಾಗ ಅಂಗಿಯ ಬೆನ್ನು ಹರಿದಿತ್ತು, ಅಂಗಿಗಿಂತ ಹೆಚ್ಚಾಗಿ ಬೆನ್ನು ಹರಿದಿತ್ತು. ಅರಿಸಿನ ಹಚ್ಚಿ ಅವನನ್ನೂ ಕಳಿಸಿದಳು. ಆಮೇಲೆ ಸರೂ ಸೇರಿ ಮೂವರೂ ಒಂದು ಓತಿಕ್ಯಾತವನ್ನು ದಾರ ಕಟ್ಟಿ ತಂದು, ಅದಕ್ಕೆ ನೀರಡಿಕೆಯಾಗಿದೆಯೆಂದು ತಂಬಿಗೆ ಕೇಳಿದರು. ಈ ಸಲ ಅವಳು ಏಳಲಿಲ್ಲ. "ಬಿಟ್ಟು ಬರ್ರಿ ಅದನ್ನ. ನನ್ನ ಕಣ್ಣಿಗಿ ಬೀಳಬ್ಯಾಡ್ರಿ, ಹೋಗ್ರಿ," ಎಂದು ಬೈದು ಗೋಡೆಗೆ ಮುಖ ಮಾಡಿದಳು.

ಮಕ್ಕಳ ಸದ್ದು ಓಣಿಯ ಆ ಕಡೆಗೆ ಹೋಯಿತು. ತುಸು ಹೊತ್ತಿನ ಮೇಲೆ ಬೀಸುಕಲ್ಲೂ ನಿಂತಿತು. ಊರೆಲ್ಲ ಬಾಗಿಲು ಹಾಕಿಕೊಂಡು ಬಿಸಿಲಿಗೆ ಬೆನ್ನು ತಿರುಗಿಸಿದ ಹೊತ್ತು ಅದು. ಗಯಾಬಾಯಿಯ ಕೈಕಾಲು ಒಂದೊಂದಾಗಿ ಸಡಿಲಾದವು. ಹಣೆಯ ಮೇಲೆ ಅವ್ವನ ಕೈ ಇದ್ದಂತೆ ಅನ್ನಿಸಿತು.

"ಸಾವಕಾಶ ಹಿಡಿಯೋ, ಬೀಳಸ್ತೀ!"

ಸರೂನ ದನಿ. ಗಯಾಬಾಯಿ ಹೊರಳಿ ಅರೆಗಣ್ಣು ತೆರೆದಳು. ತೆರೆದ ಬಾಗಿಲಿನಿಂದ ಓಣಿಯ ಬಿಸಿಲು ಕಾಣುತ್ತಿತ್ತು. ಬಿಸಿಲಿನಲ್ಲಿ ಸಂಗ್ಯಾ ಮತ್ತು ಸರೂ ನಡುವೆ ಒಂದು ಗಂಟು ಹಿಡಿದುಕೊಂಡು, ಅಂಗಾಲು ಸುಡುತ್ತಿದ್ದುದರಿಂದ ಕುಣಿಯುತ್ತ ಬರುತ್ತಿದ್ದರು. ಹಿಂದೆ ಮಾಣಿಕಿ. ಹಸಿರು ಸೀರೆಯಲ್ಲಿ ಬಿಗಿದ ಗಂಟು.

"ಅವ್ವ ಮರತು ಬಂದಾಳ ನೋಡು," ಎಂದು ಸರೂ ಹೇಳುತ್ತಿದ್ದಳು. "ವಜೀರಬಿ ಖಾಲಾ ಮಕ್ಕೊಂಡಿದ್ದಳು, ಗ್ವಾಡಿ ಮಾಡದಾಗ ನಮ್ಮ ಗಂಟು ಹಂಗ ಇತ್ತು. ಹೊತ್ತು ತಂದೀವಿ ಅಂದ್ರ ಅವ್ವ ಸೇಂಗಾ ಉಂಡಿ ಕೊಡ್ತಾಳ."

ಗಯಾಬಾಯಿಗೆ ಎಲ್ಲ ಒಮ್ಮೆಲೇ ತಿಳಿಯಿತು. ಇನ್ನು ನಾಲ್ಕು ಹೆಜ್ಜೆ. ಗಂಟು ಹೊಸ್ತಿಲು ದಾಟಿ ಒಳಗೆ ಬಂದರೆ ವೈನಿ ಹೋಗುವಂತಿಲ್ಲ. ತಾನು ಬೇಡ ಅಂದದ್ದಲ್ಲ, ತಡೆದದ್ದೂ ಅಲ್ಲ. ತಿಳಿಯದ ಮಕ್ಕಳು ತಂದದ್ದು, ಅವರಲ್ಲಿ ಒಬ್ಬಳು ವೈನಿಯ ಮಗಳೇ. ಯಾರೂ ತನಗೆ ಏನೂ ಅನ್ನುವ ಹಾಗಿಲ್ಲ. ನಾಳೆ, ನಾಡಿದ್ದು, ಅದರಾಚೆಯ ದಿನವೂ ಈ ಕಲ್ಲಿನ ಮೇಲೆ ಬೆನ್ನು ಹಾಕಬಹುದು. ಬರಲಿ, ಎಂದುಕೊಂಡಳು. ದೇವರಾಣೆ, ಹಾಗೆಯೇ ಎಂದುಕೊಂಡಳು. ಎಂದುಕೊಂಡು ಕಣ್ಣು ಮುಚ್ಚಿ, ಮುಖವನ್ನು ಬಾಗಿಲ ಕಡೆಯಿಂದ ಒಳಕ್ಕೆ ಹೊರಳಿಸಿದಳು.

ಆದರೆ ಕಣ್ಣು ಮುಚ್ಚಿ ಉಳಿಯಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ಯಶೋದಾಬಾಯಿ ಕಾಣಿಸಿದಳು. ಕೂತಲ್ಲೇ ನಿದ್ದೆ ಹೋಗಿದ್ದಳು. ತಲೆ ಬಾಗಿಲ ಚೌಕಟ್ಟಿಗೆ ಒರಗಿತ್ತು, ಬಾಯಿ ತುಸು ತೆರೆದಿತ್ತು, ಒಂದು ಕೈ ಇನ್ನೂ ಬೀಸುಕಲ್ಲಿನ ಗೂಟ ಹಿಡಿದೇ ಇತ್ತು. ಹುಬ್ಬಿನವರೆಗೂ ಹಿಟ್ಟು ಹತ್ತಿತ್ತು. ಪಕ್ಕದಲ್ಲಿ ಮನೆಯ ದೊಡ್ಡ ಬುಟ್ಟಿ. ಅದರ ಅಂಚಿನ ತನಕ ಜೋಳದ ಹಿಟ್ಟು.

ಬುತ್ತಿಗೆ ಅಷ್ಟು ಹಿಟ್ಟು ಬೇಡ. ಮುಡಬಿಗೆ ಹೋಗುವವಳಿಗೆ ನಾಲ್ಕು ರೊಟ್ಟಿ ಸಾಕು. ಇದು ತಾನು ಇರುವಷ್ಟು ದಿನ ಬೀಸುಕಲ್ಲು ಮುಟ್ಟಬಾರದೆಂದು ಬೀಸಿಟ್ಟ ಹಿಟ್ಟು. ಈ ಮನೆಗೆ ಎಷ್ಟು ಸಲ ಬಂದು ಹೋದರೂ ವೈನಿ ಮಲಗಿದ್ದನ್ನು ತಾನು ಒಮ್ಮೆಯೂ ಕಂಡಿಲ್ಲ ಎಂಬುದು ಗಯಾಬಾಯಿಗೆ ಆಗಲೇ ಹೊಳೆದದ್ದು.

ಎದ್ದಳೋ ಬಿದ್ದಳೋ, ಸೀರೆ ಕಾಲಿಗೆ ಸಿಕ್ಕು ತೊಡಕಾಯಿತು. ಸಂಗ್ಯಾ ಹೊಸ್ತಿಲ ಮೇಲೆ ಕಾಲು ಎತ್ತಿದ್ದ.

"ಅಲ್ಲೇ ನಿಂದ್ರು!" ದನಿ ಎತ್ತುವಂತಿರಲಿಲ್ಲ, ಗಂಟಲಲ್ಲೇ ಕೂಗಿದಳು. "ಕಾಲು ಹಿಂದ ತಗಿ. ಗಂಟು ಇತ್ತ ತಾ."

"ಮಾಮಿ ಮರತಾಳಬೇ..."

"ಮರತಿಲ್ಲ. ಬಾಯಿ ಮುಚ್ಚು."

ಕೆರ ಹಾಕಿಕೊಳ್ಳಲೂ ನಿಲ್ಲದೆ ಗಂಟು ಎದೆಗವಚಿಕೊಂಡು ಓಣಿ ದಾಟಿದಳು. ನೆಲ ತವೆಯಂತೆ ಕಾದಿತ್ತು. ಎದುರು ಮನೆಯಲ್ಲಿ ವಜೀರಬಿ ಆಗ ತಾನೆ ಎದ್ದು, ಗೋಡೆಯ ಬರಿದಾದ ಮಾಡದ ಮುಂದೆ ತಲೆಯ ಮೇಲೆ ಕೈ ಹೊತ್ತು ನಿಂತಿದ್ದಳು. ಅರವತ್ತು ದಾಟಿದ ಮುದುಕಿ.

"ಯಾ ಅಲ್ಲಾ! ಒಳಗ ಹೋಗಿತ್ತೇನು?"

"ಇಲ್ಲ ಖಾಲಾ. ಹೊಸ್ತಿಲ ಮುಟ್ಟಿಲ್ಲ."

ವಜೀರಬಿ ಗಂಟನ್ನು ಎರಡೂ ಕೈಯಿಂದ ಇಸಕೊಂಡು ಮಾಡದಲ್ಲಿ ಇಟ್ಟಳು. ಮೇಲೆ ತನ್ನ ದುಪಟ್ಟಾ ಮುಚ್ಚಿದಳು. ಆಮೇಲೆ ಕುಳಿತು ಉಸಿರು ಬಿಟ್ಟಳು.

"ಈ ಗಂಟು ನನ್ನ ಮನಿಗಿ ಬರಾಕತ್ತಿ ಇದು ಮೂರನೇ ವರಸ ಬೇಟಿ. ಹ್ವಾದ ವರಸ ನಿಮ್ಮವ್ವನ ಬ್ಯಾನಿ, ನಾನೇ ತಿರುಗಿ ಒಯ್ದು ಕೊಟ್ಟೆ. ಅದರ ಆಚೀ ವರಸ ನಿನ್ನ ಬಾಣಂತನ. ಬಂಡಿ ಬಾಗಲಿಗಿ ಬಂದಿತ್ತು, ನಿನಗ ನೋವು ಸುರು ಆತು ಅಂತ ನಿಮ್ಮ ವೈನಿ ನಿಂತಳು. ಮುಡಬ್ಯಾಗ ಅಕಿ ಅವ್ವಗ ಈಗ ಕಣ್ಣು ಕಾಣಸೂದಿಲ್ಲಂತ."

ಗ್ಯಾನಾ ಹುಟ್ಟಿದ ಬೇಸಿಗೆ ಅದು. ಆ ದಿನಗಳಲ್ಲಿ ತನ್ನ ತಲೆಗೆ ಬಿಸಿನೀರು ಹೊಯ್ದ ಕೈ, ಕೂಸಿಗೆ ಎಣ್ಣೆ ತಿಕ್ಕಿದ ಕೈ ಯಾರದೆಂದು ಗಯಾಬಾಯಿಗೆ ಗೊತ್ತಿತ್ತು. ಆ ಕೈಯವಳು ಎಲ್ಲಿಗಾದರೂ ಹೊರಟಿದ್ದಳೆಂಬುದು ಮಾತ್ರ ಗೊತ್ತಿರಲಿಲ್ಲ, ಯಾರೂ ಹೇಳಿರಲಿಲ್ಲ, ತಾನೂ ಕೇಳಿರಲಿಲ್ಲ. ನಾಚಿಕೆಯಾಯಿತು. ಸುಟ್ಟ ಅಂಗಾಲಿನ ನೋವೇ ಅದಕ್ಕಿಂತ ಹಗುರವೆನ್ನಿಸಿತು.

"ಖಾಲಾ, ಹುಡುಗರು ಹೀಂಗ ಮಾಡಿದ್ರು ಅಂತ ವೈನಿಗಿ ಹೇಳಬ್ಯಾಡ್ರಿ. ಹೆದರತಾಳ."

"ನಾ ಯಾಕ ಹೇಳಲಿ?" ಅಂದಳು ವಜೀರಬಿ. "ನಾ ನಿದ್ದಿ ಹೊಡ್ಯಾಕತ್ತಿದ್ದೆ, ನನ್ನದೂ ತಪ್ಪು ಐತಲ್ಲ."

ತಿರುಗಿ ಬಂದಾಗ ಯಶೋದಾಬಾಯಿ ಎಚ್ಚರಾಗಿ, ಕಳ್ಳತನದಲ್ಲಿ ಸಿಕ್ಕವಳಂತೆ ಗಡಬಡಿಸಿ ಮುಖದ ಹಿಟ್ಟು ಒರೆಸಿಕೊಳ್ಳುತ್ತಿದ್ದಳು.

"ಅಯ್ಯ, ನನಗ ಕಣ್ಣು ಹತ್ತಿಬಿಟ್ಟಿತ್ತು ನೋಡು. ನಿನ್ನ ನಿದ್ದಿ ಆತೇನು ಗಯಾ? ಬೀಸೂ ಸಪ್ಪಳಾ ಭಾಳ ಆತೋ ಏನೋ."

"ಏನೂ ಕೇಳಸಲಿಲ್ಲ ಬಿಡ್ರಿ ವೈನಿ. ಭಾಳ ಛಲೋ ನಿದ್ದಿ ಆತು."

ಬಿಸಿಲು ಇಳಿದ ಮೇಲೆ ಮುಡಬಿಯ ಬಂಡಿ ಬಂತು. ಅವ್ವ ಇದ್ದಿದ್ದರೆ ಸೊಸೆಗೆ ಮಾಡುತ್ತಿದ್ದುದನ್ನೆಲ್ಲ ಗಯಾಬಾಯಿ ಮಾಡಿದಳು. ವೈನಿಯ ಹಣೆಗೆ ಕುಂಕುಮ ಹಚ್ಚಿ, ಉಡಿಯಲ್ಲಿ ಕಾಯಿ, ಒಂದು ಬೊಗಸೆ ಜೋಳ ಹಾಕಿದಳು. ಹೊರಡುವ ಗಳಿಗೆಯಲ್ಲಿ ಸರೂ ಕಣಜದ ಹಿಂದೆ ಅಡಗಿ ಕುಳಿತು, ತಾನು ಸಂಗ್ಯಾ ಮಾಣಿಕಿಯರನ್ನು ಬಿಟ್ಟು ಬರುವುದೇ ಇಲ್ಲವೆಂದು ರಂಪ ಮಾಡಿದಳು. ಯಶೋದಾಬಾಯಿಯ ಮುಖ ಸಣ್ಣದಾಯಿತು.

"ಇರ್ಲಿ ಬಿಡ್ರಿ," ಅಂದಳು ಗಯಾಬಾಯಿ. "ಮೂರರ ಕೂಡ ಇದೊಂದು. ನೀವು ಆರಾಮ ಹೋಗಿ ಬರ್ರಿ."

ವಜೀರಬಿ ಗಂಟನ್ನು ತಾನೇ ತಂದು, ಬೇರೆ ಯಾರ ಕೈಗೂ ಕೊಡದೆ, ನೇರ ಬಂಡಿಯೊಳಗೆ ಇಟ್ಟಳು. ಯಶೋದಾಬಾಯಿ ಹತ್ತಿ ಕುಳಿತಳು. ಬಾಗಿ ಗಯಾಬಾಯಿಯ ಕೈ ಹಿಡಿದು ಬಿಟ್ಟಳು. ಅವಳ ತಮ್ಮ ಎತ್ತಿನ ಬೆನ್ನು ತಟ್ಟಿದ.

ತವರಿಗೆ ಹೊರಟವರು ಓಣಿಯ ತಿರುವಿನತನಕ ತಿರುತಿರುಗಿ ನೋಡುತ್ತ ಹೋಗುವುದು ರೂಢಿ. ಗಯಾಬಾಯಿ ಬಾಗಿಲಲ್ಲಿ ನಿಂತು ನೋಡಿದಳು. ಬಂಡಿ ಬೇವಿನ ಗಿಡ ದಾಟುವುದರೊಳಗೇ ವೈನಿಯ ತಲೆ ಹಸಿರು ಗಂಟಿನ ಮೇಲೆ ವಾಲಿತ್ತು. ಗಾಲಿ ಕಲ್ಲು ಹತ್ತಿ ಇಳಿದು ಬಂಡಿಯೆಲ್ಲ ಕುಲುಕಿದರೂ ಆ ತಲೆ ಮೇಲೇಳಲಿಲ್ಲ.

"ಅವ್ವಾ, ಹಸಿವಿ," ಅಂದ ಸಂಗ್ಯಾ.

"ಅತ್ತಿ, ನನಗೂ," ಅಂದಳು ಸರೂ.

ಗ್ಯಾನಾ ಎದ್ದು ಅಳುತ್ತಿದ್ದ. ಮಾಣಿಕಿ ಅವನನ್ನು ಎತ್ತಿಕೊಳ್ಳಲು ಹೋಗಿ ಇಬ್ಬರೂ ಬಿದ್ದರು. ದೂರದ ದೇಶಗಳ ಲಡಾಯಿ ಶುರುವಾದಂದಿನಿಂದ ಚಿಮಣಿ ಎಣ್ಣೆ ಸಿಗುವುದು ದುಸ್ತರವಾಗಿತ್ತು. ಬೆಳಕಿರುವಾಗಲೇ ರೊಟ್ಟಿ ಆಗಬೇಕು. ಗಯಾಬಾಯಿ ಕಣಜದ ಮಗ್ಗುಲಿನ ಕೌದಿ ಮಡಚಿಟ್ಟು, ಒಲೆಗೆ ಎರಡು ಕಟ್ಟಿಗೆ ಸರಿಸಿ, ಬುಟ್ಟಿಯ ಹತ್ತಿರ ಕುಳಿತು ಹಿಟ್ಟಿನೊಳಗೆ ಕೈ ಹಾಕಿದಳು. ಒಳಗೆ, ಬುಟ್ಟಿಯ ನಡುವಿನಲ್ಲಿ, ಹಿಟ್ಟು ಇನ್ನೂ ಬೆಚ್ಚಗಿತ್ತು.