ಮಾರಮ್ಮ ತಿದ್ದಿದ ಮಾತು

ಚನ್ನಪಟ್ಟಣದಲ್ಲಿ ಮೂರು ವರ್ಷ ಓದಿ, ಕ್ರೈಸ್ತ ಸಭೆಯ ಉಪದೇಶಿಯಾಗಿ ಕೋಡಿಹಳ್ಳಿಗೆ ಬಂದಾಗ ನನಗೆ ಇಪ್ಪತ್ತಾರು ವಯಸ್ಸು. ದೇವರ ವಿಷಯದಲ್ಲಿ ತಿಳಿಯದ್ದು ಏನೂ ಉಳಿದಿಲ್ಲ ಎಂದುಕೊಂಡಿದ್ದೆ. ಈ ಮುನಿಶಾಮಯ್ಯ ಉಪದೇಶಕ್ಕೆ ನಿಂತರೆ ಊಟದ ಹೊತ್ತು ಮೀರುತ್ತದೆ ಎಂದು ಸಭೆಯವರು ಬೆನ್ನ ಹಿಂದೆ ನಗುತ್ತಿದ್ದರಂತೆ. ನಗಲಿ, ತಪ್ಪೇನಿಲ್ಲ.

ಸಭೆ ಎಂದರೆ ಒಂಬತ್ತು ಮನೆ, ಹುಲ್ಲು ಹೊದಿಸಿದ ಒಂದು ಪ್ರಾರ್ಥನೆಯ ಮನೆ. ಎಲ್ಲರಿಗಿಂತ ಮೊದಲು ಬಂದು ಕಸ ಗುಡಿಸಿ ಚಾಪೆ ಹಾಸುತ್ತಿದ್ದವಳು ಮಾರಮ್ಮ. ದೀಕ್ಷಾಸ್ನಾನದಲ್ಲಿ ಮಾರ್ತಾ ಎಂದು ಹೆಸರಿಟ್ಟಿದ್ದರೂ ಅವಳನ್ನು ಹಾಗೆ ಕರೆದವರು ಯಾರೂ ಇಲ್ಲ. ಸಾವಿರದ ಒಂಬೈನೂರ ಹದಿನೆಂಟನೇ ಇಸವಿಯ ದೊಡ್ಡ ಜ್ವರದಲ್ಲಿ ಅವಳ ಏಳು ತಿಂಗಳ ಹೆಣ್ಣು ಕೂಸು ಹೋಯಿತು. ದೀಕ್ಷಾಸ್ನಾನ ಕೊಡಲು ವರ್ಷಕ್ಕೊಮ್ಮೆ ಬರುತ್ತಿದ್ದ ಪಾದ್ರಿಗಳು ಜ್ವರದ ದೆಸೆಯಿಂದ ಆ ಸಲ ಬರಲೇ ಇಲ್ಲ. ಕೂಸಿಗೆ ದೀಕ್ಷಾಸ್ನಾನ ಆಗಲಿಲ್ಲ.

ಮರುವರ್ಷ ಸುಗ್ಗಿಯ ಕಾಲದ ಒಂದು ಭಾನುವಾರ ನಾನು ದೇವರ ಸಂಕಲ್ಪದ ಮೇಲೆ ಉಪದೇಶ ಮಾಡಿದೆ. ಲೋಕಕ್ಕೆ ಅಸ್ತಿವಾರ ಬೀಳುವ ಮೊದಲೇ ದೇವರು ತನ್ನವರನ್ನು ಆರಿಸಿದ, ಅದನ್ನು ತಪ್ಪಿಸಲು ಯಾರಿಂದಲೂ ಆಗದು ಎಂದು ಒಂದು ಗಂಟೆ ಹೇಳಿದೆ. ಮುಗಿದ ಮೇಲೆ ಮಾರಮ್ಮ ಬಾಗಿಲಲ್ಲಿ ನಿಂತು ಕೇಳಿದಳು: "ಅಯ್ನೋರೆ, ನನ್ ಕೂಸ್ನೂವೆ ಅವ್ನೇ ಆರ್ಸಿದ್ನಾ?"

ಸ್ನಾನವಾಗದ ಕೂಸಿನ ಗತಿ ಏನೆಂದು ನನಗೆ ನಿಜಕ್ಕೂ ತಿಳಿದಿರಲಿಲ್ಲ. ಆದರೂ ಮರುಕ ಹುಟ್ಟಿ, ಸಮಾಧಾನಕ್ಕೆಂದು, "ಹೌದಮ್ಮ, ಅದು ಹುಟ್ಟುವುದಕ್ಕೆ ಮುಂಚೆಯೇ ಆರಿಸಿದ್ದ" ಎಂದೆ. ಅವಳು ಮುಖ ತಿರುಗಿಸಿ ಹೋದಳು.

ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಸಿಟ್ಟಿನಿಂದ ಚಾಪೆ ನಾನೇ ಹಾಸಿಕೊಂಡೆ. ಇಷ್ಟು ಒಳ್ಳೆಯ ಮಾತು ಹೇಳಿದರೂ ಮುಖ ತಿರುಗಿಸಿದಳಲ್ಲ, ಇವಳನ್ನೇ ದೇವರು ಬಿಟ್ಟಿದ್ದಾನೋ ಏನೋ ಎಂದೂ ಯೋಚಿಸಿದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಮೂರನೇ ವಾರ ದಬಾಯಿಸಿಯೇ ಬರೋಣವೆಂದು ಹೊರಟೆ.

ಮಾರಮ್ಮ ಕಣದಲ್ಲಿ ರಾಗಿ ತೆನೆಯ ರಾಶಿಯ ಮುಂದೆ ಕೂತಿದ್ದಳು. ನನ್ನನ್ನು ನೋಡಿ ಎದ್ದು ಗೋಣಿ ಹಾಸಿದಳು. ನಾನು ಕೂರಲಿಲ್ಲ.

"ಯಾಕಮ್ಮ, ದೇವರ ಮೇಲೆ ಮುನಿಸು?"

"ದೀಪ ಹಚ್ಚೋಕ್ ಮುಂಚೇನೇ ಆರ್ಸೋಕೆ ಗೊತ್ತು ಮಾಡ್ಕಂಡಿದ್ರೆ ಯಾಕಾರ ಹಚ್ಬೇಕಿತ್ತು ಅಯ್ನೋರೆ? ಏಳ್ ತಿಂಗ್ಳು ಎದೆ ಹಾಲು ಕುಡುಸ್ದೆ. ಅಂತಾ ದೇವ್ರ ಮುಂದೆ ಹೆಂಗೆ ಮಂಡಿ ಊರ್ಲಿ?"

ಆಗ ನನಗೆ ಹೊಳೆಯಿತು. ನಮ್ಮ ಕಡೆ ಆರಿಸುವುದು ದೀಪವನ್ನು. ಕಾಳನ್ನಾಗಲಿ ತೆನೆಯನ್ನಾಗಲಿ ಆಯುತ್ತಾರೆ. ನಾನೂ ಅದೇ ಮಾತಾಡಿ ಬೆಳೆದವನು, ಪುಸ್ತಕದ ಮಾತು ಕಲಿತು ಮನೆಯ ಮಾತು ಮರೆತಿದ್ದೆ. ದೇವರೇ ನಿನ್ನ ಕೂಸನ್ನು ನಂದಿಸಿದ ಎಂದು ಹೆತ್ತ ತಾಯಿಯ ಮುಖಕ್ಕೇ ಹೇಳಿ ಕಳಿಸಿದ್ದೆ. ಗೋಣಿಯ ಮೇಲೆ ಕೂತೆ.

"ತಪ್ಪಾಯ್ತು ಮಾರಮ್ಮ. ನಾ ಹೇಳಿದ್ದು ಅದಲ್ಲ. ನೀನೀಗ ಏನ್ ಮಾಡ್ತಾ ಇದ್ದೆ?"

"ಬಿತ್ತನೇಗೆ ತೆನೆ ಆಯ್ತಾ ಇವ್ನಿ."

"ದೇವ್ರೂ ಹಂಗೇ ಆಯ್ಕೊತಾನೆ ಅಂತ ಹೇಳಿದ್ದು."

ಅವಳು ಮತ್ತೆ ಕೂತು, ಆಯ್ದ ತೆನೆಗಳನ್ನು ಮಡಿಲಿಗೆ ಹಾಕಿಕೊಂಡಳು. ಹಾಗಾದರೆ ಆಯದೆ ಬಿಟ್ಟವರ ಗತಿ ಏನು ಎಂದು ಕೇಳಿಯಾಳೆಂಬ ಭಯ ನನಗೆ. ಇದೇ ಪ್ರಶ್ನೆಗೆ ಚನ್ನಪಟ್ಟಣದಲ್ಲಿ ನಾವು ಜಗಳವಾಡಿ ಊಟ ಬಿಟ್ಟದ್ದುಂಟು. ಅವಳು ಕೇಳಲಿಲ್ಲ. ಮಡಿಲಲ್ಲಿದ್ದ ತೆನೆಗಳನ್ನು ಸವರುತ್ತ ತಾನೇ ಹೇಳಿದಳು: "ಬಿತ್ತನೇಗೆ ಆಯೋದು ಮಿಕ್ಕಿದ್ದ ಬಿಸಾಕಕ್ಕಲ್ಲ, ಅಲ್ವಾ? ಮುಂದ್ಲೊರ್ಸ ಎಲ್ರೂ ಉಣ್ಲಿ ಅಂತ."

ಮೂರು ವರ್ಷದ ಓದಿನಲ್ಲಿ ಯಾರೂ ನನಗೆ ಹೀಗೆ ಹೇಳಿರಲಿಲ್ಲ. ಅಂದಿನಿಂದ ದೇವರ ಸಂಕಲ್ಪದ ಮೇಲೆ ಎಲ್ಲಿ ಮಾತಾಡಿದರೂ ನಾನು ಹೇಳಿರುವುದು ಅವಳ ಮಾತನ್ನೇ. ಹೇಳುವಾಗಲೆಲ್ಲ ಅವಳನ್ನು ನೆನೆದು ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

"ನನ್ ಕೂಸು?" ಎಂದಳು.

ಈ ಸಲ ಬರೀ ಸಮಾಧಾನಕ್ಕೆ ಹೇಳಲು ಮನಸ್ಸು ಒಪ್ಪಲಿಲ್ಲ. ದೀಕ್ಷಾಸ್ನಾನದ ನಿಯಮ, ಗುರುಗಳ ಪಾಠ ಎಲ್ಲ ನೆನಪಿಗೆ ಬಂದವು. ಅವಳ ಒರಟು ಬೆರಳುಗಳು ಒಂದೊಂದು ತೆನೆಯನ್ನೂ ಮೆಲ್ಲಗೆ ಹಿಡಿದಿದ್ದವು. ಇವಳ ಕೈಗಿಂತ ದೇವರ ಕೈ ಒರಟೇ ಎಂದು ನನ್ನನ್ನೇ ಕೇಳಿಕೊಂಡೆ. ಆಮೇಲೆ, ನಂಬಿಯೇ ಹೇಳಿದೆ: "ಆಯ್ಕಂಡವ್ನೆ ಕಣಮ್ಮ. ಕೈಯಾಗೇ ಇಟ್ಕಂಡವ್ನೆ."

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಕೂಸು ಹೋದ ದಿನವೂ ಅತ್ತಿರಲಿಲ್ಲವಂತೆ. ಆಮೇಲೆ ಕಣದಲ್ಲೇ ಮಂಡಿಯೂರಿ, "ಏಳ್ ತಿಂಗ್ಳು ನನ್ ಕೈಗೂ ಕೊಟ್ಟಿದ್ಯಲ್ಲ, ನಿನ್ನೊಟ್ಟೆ ತಣ್ಣಗಿರ್ಲಿ ಕಣಪ್ಪ" ಎಂದು ದೇವರನ್ನೇ ಹರಸಿದಳು. ನಾನು ಆಮೆನ್ ಎಂದೆ.