ಗೋಪಾಲಪ್ಪ ಮೇಷ್ಟ್ರ ಆಂಪ್ಲಿಫೈಯರ್

ಮೂರನೆಯ ಸಲ ಆಂಪ್ಲಿಫೈಯರಿನ ತಳ ಬಿಚ್ಚುವಾಗ ಬೆಳ್ಳಪ್ಪನಿಗೆ ಸಿಟ್ಟೂ ಬರಲಿಲ್ಲ. ಸಿಟ್ಟು ಬರುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು. ಬೆಳಗಿನಿಂದ ಬಗ್ಗಿ ಕೂತು ಸೊಂಟ ಹಿಡಿದಿತ್ತು, ಬೆಸುಗೆಯ ಹೊಗೆಗೆ ಕಣ್ಣು ಉರಿಯುತ್ತಿತ್ತು. ಸ್ಪೀಕರ್ ಆರಿಸಿ ಎಷ್ಟೋ ಹೊತ್ತಾಗಿದ್ದರೂ ಅದರ ಗುಂಯ್ ಎನ್ನುವ ಸದ್ದು ಕಿವಿಯಿಂದ ಇಳಿದಿರಲಿಲ್ಲ.

ಸೈನ್ಯದ ಪಟಾಲಮಿನಲ್ಲಿ ವೈರ್‌ಲೆಸ್ ರಿಪೇರಿ ಕಲಿತು ಬಂದವನು ಅವನು. ಅರವತ್ತನಾಲ್ಕರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರು ಗದ್ದೆಗೆ ನುಗ್ಗಿದ ಮೇಲೆ ಸಾಗರಕ್ಕೆ ಬಂದು, ಬಸ್‌ಸ್ಟ್ಯಾಂಡಿನ ಹಿಂದೆ ರೇಡಿಯೋ ಅಂಗಡಿ ಇಟ್ಟು ಎರಡು ವರ್ಷವಾಗಿತ್ತು. ಐವತ್ತೈದರ ವಯಸ್ಸಿಗೆ ಮತ್ತೆ ಮೊದಲಿನಿಂದ ಬದುಕು ಹೂಡಿದ ಸುಸ್ತು ಅವನ ನಡಿಗೆಯಲ್ಲೇ ಕಾಣುತ್ತಿತ್ತು.

ಈ ಆಂಪ್ಲಿಫೈಯರ್ ಹೊಸನಗರದ ಗೋಪಾಲಪ್ಪನವರಿಗೆ. ಶಾಲೆಯಿಂದ ನಿವೃತ್ತರಾದ ಮೇಷ್ಟ್ರು, ನಲವತ್ತು ವರ್ಷದಿಂದ ತಾಳಮದ್ದಳೆಯಲ್ಲಿ ಪದ್ಯ ಹಾಡುವ ಭಾಗವತರು. ಕಳೆದ ಚಳಿಗಾಲ ತೀರ್ಥಹಳ್ಳಿಯಲ್ಲಿ ಬಾಡಿಗೆ ಮೈಕಿನ ಮುಂದೆ ಹಾಡುವಾಗ ಅವರ ಶ್ರುತಿ ತಪ್ಪಿತ್ತು. ಒಂದಲ್ಲ, ನಾಲ್ಕು ಪದ್ಯದಲ್ಲಿ. ಮುಂದೆ ಕೂತವರು ಮುಖ ಮುಖ ನೋಡಿಕೊಂಡಿದ್ದರು.

"ಮೈಕಿಂದೇ ಕಾಟ ಬೆಳ್ಳಪ್ಪ," ಎಂದು ಅವರು ಅಂಗಡಿಗೆ ಬಂದು ಹೇಳಿದ್ದರು. "ನಂದು ಹಾರ್ಮೋನಿಯಮ್ಮಿನ ಬಿಳಿ ಐದರ ಶ್ರುತಿ. ಆ ದರಿದ್ರ ಗುಂಯ್ ಅದಕ್ಕಿಂತ ಕೂದಲೆಳೆ ಮೇಲಿರ್ತದೆ ಮಾರಾಯ. ಗೊತ್ತಿಲ್ದೆ ಗಂಟಲು ಅದರ ಹಿಂದೆ ಹೋಗಿಬಿಡ್ತದೆ. ಗುಂಯ್ ಅನ್ನದ ಒಂದು ಮಾಡ್ಕೊಡು ನಂಗೆ."

ಬೆಳ್ಳಪ್ಪ ನಂಬಿದ. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಕರೆಂಟಿನ ಗುಂಯ್ ನಿಜವಾಗಿಯೂ ಬಿಳಿ ಐದರ ಮಗ್ಗುಲಲ್ಲೇ ನಿಲ್ಲುತ್ತದೆ.

ಆದರೆ ತಾನೇ ಕೂತು ಕಟ್ಟಿದ ಆಂಪ್ಲಿಫೈಯರಿನಲ್ಲೂ ಅದೇ ಗುಂಯ್ ಬಂದಿತ್ತು. ಈಗ ಮೈಕಿನ ಕಡೆಯ ವಾಲ್ವು ಕಿತ್ತು ನೋಡಿದ. ಸದ್ದು ಹಾಗೆಯೇ ಇತ್ತು. ಅಂದರೆ ತಪ್ಪಿರುವುದು ಕರೆಂಟನ್ನು ಸೋಸುವ ಕಡೆ. ಹಳೆಯ ರೇಡಿಯೋಗಳಿಂದ ಬಿಚ್ಚಿ ಹಾಕಿದ್ದ ಕಂಡೆನ್ಸರುಗಳು ಒಳಗೇ ಒಣಗಿಹೋಗಿದ್ದವು. ಅಲೆಅಲೆಯಾಗಿ ಬರುವ ಕರೆಂಟನ್ನು ತುಂಬಿಟ್ಟುಕೊಂಡು ಸಮನಾಗಿ ಬಿಡುವ ತ್ರಾಣ ಅವಕ್ಕಿರಲಿಲ್ಲ.

ಮರುದಿನ ಶಿವಮೊಗ್ಗದ ಬಸ್ಸು ಹತ್ತಿದ. ಅಲ್ಲಿಯ ಅಂಗಡಿಯಲ್ಲಿ ಇದ್ದದ್ದು ಮುನ್ನೂರೈವತ್ತು ವೋಲ್ಟಿನ ಕಂಡೆನ್ಸರು ಮಾತ್ರ.

"ಎಲ್ಲರೂ ಇದನ್ನೇ ಹಾಕ್ತಾರೆ, ತಡೀತದೆ," ಎಂದ ಅಂಗಡಿಯವನು.

"ಎಷ್ಟು ದಿನ?" ಎಂದು ಬೆಳ್ಳಪ್ಪ ಕೇಳಿದ. ಅಂಗಡಿಯವನು ಬೇರೆ ಗಿರಾಕಿಯ ಕಡೆ ತಿರುಗಿದ.

ಸ್ವಿಚ್ಚು ಹಾಕಿದೊಡನೆ, ದೊಡ್ಡ ವಾಲ್ವುಗಳು ಬಿಸಿಯಾಗುವ ಮೊದಲು, ವೋಲ್ಟು ನಾನೂರರ ಹತ್ತಿರ ಹೋಗುತ್ತದೆ. ಹಿಂದೊಮ್ಮೆ ಹಾಗೆ ಸಿಡಿದ ಕಂಡೆನ್ಸರಿನ ಗುರುತು ಅವನ ಮೊಣಕೈಯಲ್ಲಿತ್ತು. ಅಂಗಡಿಯ ಮರದ ಬೆಂಚಿನ ಮೇಲೆ ಕೂತು ಯೋಚಿಸಿದ. ಎರಡನ್ನು ಒಂದರ ಹಿಂದೆ ಒಂದು ಜೋಡಿಸಿದರೆ ತಡೆಯುವ ವೋಲ್ಟು ಇಮ್ಮಡಿ, ತುಂಬಿಕೊಳ್ಳುವುದು ಅರ್ಧ. ಮೊದಲನೆಯ ಜಾಗಕ್ಕೆ ಅರ್ಧವೇ ಸಾಕು, ಅಲ್ಲಿ ದೊಡ್ಡದು ಹಾಕಿದರೆ ಕರೆಂಟನ್ನು ಒಂದೇ ದಿಕ್ಕಿಗೆ ಹರಿಸುವ ರೆಕ್ಟಿಫೈಯರ್ ವಾಲ್ವು ಬೇಗ ಸಾಯುತ್ತದೆ. ಅಲೆ ತಗ್ಗಿಸುವ ಕಬ್ಬಿಣದ ಚೋಕು ದಾಟಿದ ಮೇಲೆ ಎರಡು ಜೋಡಿ ಇಡಬಹುದು. ಆರು ಕಂಡೆನ್ಸರು ಕಟ್ಟಿಸಿಕೊಂಡು ಬಂದ.

ಎರಡು ದಿನ ಬೆಸುಗೆ ಹಾಕಿದ. ಪ್ರತಿ ಕಂಡೆನ್ಸರಿಗೂ ಪಾಲು ಸಮನಾಗಿ ಬೀಳಲೆಂದು ಒಂದೊಂದು ರೆಸಿಸ್ಟರ್ ಕಟ್ಟಿದ. ಸ್ವಿಚ್ಚು ಹಾಕಿ ಸ್ಪೀಕರಿಗೆ ಕಿವಿ ಹಚ್ಚಿದ. ಏನೂ ಕೇಳಲಿಲ್ಲ. ಕೆಟ್ಟಿದೆಯೇನೋ ಎಂದು ಮೈಕಿನ ಮೇಲೆ ಉಗುರಿನಿಂದ ತಟ್ಟಿದ. ಸ್ಪೀಕರು ಗುಡುಗಿತು. ಸಂತೋಷವಾಗುವ ಮೊದಲೇ ಅವನಿಗೆ ತೂಕಡಿಕೆ ಬಂತು.

ಭಾನುವಾರ ಬೆಳಿಗ್ಗೆ ಮೇಷ್ಟ್ರು ಹೆಂಡತಿ ವಿಶಾಲಮ್ಮನವರ ಜೊತೆ ಬಂದರು. ಚೀಲದಿಂದ ತಾಳ ತೆಗೆದರು. ವಿಶಾಲಮ್ಮ ಜೊತೆಗೆ ತಂದಿದ್ದ ಹಾರ್ಮೋನಿಯಮ್ಮಿನಲ್ಲಿ ಶ್ರುತಿ ಹಿಡಿದರು.

"ಎಂತ ಇದು, ಚಾಲೂ ಇದ್ಯಾ?" ಎಂದರು ಮೇಷ್ಟ್ರು.

"ಇದೆ, ಹಾಡಿ."

ಅವರು ಎತ್ತಿಕೊಂಡರು. ಮೊದಲ ಸಾಲು ಸೊಗಸಾಗಿ ಬಂತು. ಎರಡನೆಯ ಸಾಲಿನ ಮೇಲಿನ ಷಡ್ಜಕ್ಕೆ ಹೋದಾಗ ದನಿ ನಡುಗಿತು, ನಿಲ್ಲಬೇಕಾದಲ್ಲಿ ನಿಲ್ಲದೆ ಕೆಳಗೆ ಜಾರಿತು. ಮತ್ತೆ ಹಾಡಿದರು, ಮತ್ತೆ ಜಾರಿತು. ಅಡ್ಡ ಯಾವ ಸದ್ದೂ ಇಲ್ಲದ್ದರಿಂದ ಆ ಜಾರುವಿಕೆ ಕೋಣೆಯ ತುಂಬ ಸ್ಪಷ್ಟವಾಗಿ ಕೇಳಿತು. ವಿಶಾಲಮ್ಮ ತಲೆ ಎತ್ತದೆ ಶ್ರುತಿ ಒತ್ತಿ ಹಿಡಿದೇ ಇದ್ದರು.

ಮೇಷ್ಟ್ರು ತಾಳ ಕೆಳಗಿಟ್ಟರು.

"ಬೆಳ್ಳಪ್ಪ, ಇನ್ನೂ ಚೂರು ಗುಂಯ್ ಉಂಟು ಅಲ್ವನಾ?"

ಉಂಟು ಎನ್ನುವುದು ಸುಲಭವಿತ್ತು. ಇನ್ನೊಂದು ವಾರ ಬಿಟ್ಟು ಬನ್ನಿ ಎಂದರೂ ಆಗುತ್ತಿತ್ತು. ಬೆಳ್ಳಪ್ಪನಿಗೆ ತಾನು ತಿಂಗಳುಗಟ್ಟಲೆ ಕೂತು ಈ ಮನುಷ್ಯನ ಕೊನೆಯ ನೆಪವನ್ನು ಕಿತ್ತು ಹಾಕಿದೆನಲ್ಲ ಎನ್ನಿಸಿತು. ಆದರೆ ಸುಳ್ಳು ಹೇಳಿದರೆ ಅವರು ತೀರ್ಥಹಳ್ಳಿಯ ಜನರ ಎದುರು ಮತ್ತೆ ಹಾಡುತ್ತಾರೆ.

"ಇಲ್ಲ ಮೇಷ್ಟ್ರೇ," ಎಂದ. "ಗುಂಯ್ ಇಲ್ಲ."

ಅವರು ಹೆಂಡತಿಯ ಕಡೆ ನೋಡಿದರು. "ನಿಂಗೆ ಗೊತ್ತಿತ್ತಾ?"

"ಹೋದ ವರ್ಷದಿಂದ ಗೊತ್ತುಂಟು," ಎಂದರು ವಿಶಾಲಮ್ಮ. "ಹ್ಯಾಂಗೆ ಹೇಳೂದು?"

ಬೆಳ್ಳಪ್ಪ ಹೋಟೆಲಿನಿಂದ ಕಾಫಿ ತರಿಸಿದ. ಕುಡಿದು ಲೋಟ ಇಟ್ಟ ಮೇಲೆ, ಮೈಕನ್ನು ಹತ್ತಿರಕ್ಕೆ ಎಳೆದುಕೊಂಡು ಮೇಷ್ಟ್ರು ಹಾಡದೆ ಮಾತಾಡಿದರು. ಪದ್ಯ ಮುಗಿದ ಮೇಲೆ ಪಾತ್ರಧಾರಿ ಆಡುವ ಅರ್ಥ, ಎಂದೋ ಬೇರೆಯವರ ಬಾಯಲ್ಲಿ ಕೇಳಿದ ನಾಲ್ಕು ಮಾತು, ತೀರಾ ಮೆಲ್ಲಗೆ. ಆ ಮೆಲುದನಿ ಒಂದು ಅಕ್ಷರವೂ ಕಳೆಯದೆ ರಸ್ತೆಯವರೆಗೆ ಹೋಯಿತು. ಹೊರಗೆ ಬಸ್ಸಿಗೆ ಕಾಯುತ್ತಿದ್ದ ಇಬ್ಬರು ತಿರುಗಿ ನೋಡಿದರು.

"ಇದಾಗ್ತದೆ," ಎಂದರು ಮೇಷ್ಟ್ರು. ಅವರ ಕಣ್ಣು ಒದ್ದೆಯಾಗಿತ್ತು, ಹೆಗಲು ಇಳಿದಿತ್ತು. "ಇದಿಷ್ಟು ಆಗ್ತದೆ."

ಮುಂದಿನ ತಿಂಗಳು ತೀರ್ಥಹಳ್ಳಿಯಲ್ಲಿ ಮಧ್ಯಾಹ್ನದ ತಾಳಮದ್ದಳೆ. ಭಾಗವತಿಕೆಗೆ ಅವರ ಶಿಷ್ಯ ಶ್ಯಾಮ ಕೂತ. ತಾಳವನ್ನು ಮೇಷ್ಟ್ರು ತಾವೇ ಅವನ ಕೈಗಿಟ್ಟು, ಪಕ್ಕಕ್ಕೆ ಸರಿದು, ಒಬ್ಬ ಮುದಿ ರಾಜನ ಅರ್ಥ ಹೇಳಿದರು. ದನಿ ಏರಿಸಬೇಕಾಗಲಿಲ್ಲ. ಯುದ್ಧಕ್ಕೆ ಹೊರಟ ಮಗನನ್ನು ಬೇಡವೆನ್ನಲಾರದ ರಾಜ ಮಾತು ತಡವರಿಸಿ ನಿಂತಾಗ, ಹಿಂದಿನ ಸಾಲಿನಲ್ಲಿ ಎಲೆಅಡಿಕೆ ಜಗಿಯುತ್ತಿದ್ದವರೂ ಬಾಯಿ ನಿಲ್ಲಿಸಿದರು.

ಬೆಳ್ಳಪ್ಪ ಆಂಪ್ಲಿಫೈಯರಿನ ಪಕ್ಕ ಗೋಡೆಗೊರಗಿ ಕಾಲು ಚಾಚಿದ. ಮುಟ್ಟಿ ಸರಿಪಡಿಸುವಂಥದ್ದು ಏನೂ ಇರಲಿಲ್ಲ. ಕಣ್ಣು ಮುಚ್ಚಿ ಕೇಳುತ್ತ ಕೂತ.