ಡಬ್ಬುಗಳ್ಳಿಯ ಬೇಲಿ

ಮಳೆ ಚೆನ್ನಾಗಿ ಆದ ವರ್ಷವೇ ಕುರುಗೋಡಿನ ಗುಡ್ಡಕ್ಕೆ ಬೆಂಕಿ ಹೆಚ್ಚು. ಬಂಡೆಗಳ ಸಂದಿಯಲ್ಲೆಲ್ಲ ಎದೆಮಟ್ಟ ಎದ್ದ ಬೋದೆ ಹುಲ್ಲು ಸಂಕ್ರಾಂತಿ ಕಳೆಯುತ್ತಲೇ ಒಣಗಿ ಗರಿಗರಿಯಾಗುತ್ತದೆ. ಶಿವರಾತ್ರಿಯ ಹೊತ್ತಿಗೆ ಯಾವನೋ ಕುರಿಯವನು, ಹೊಸ ಚಿಗುರು ಬರಲಿ ಎಂದು, ಒಂದು ಕಡ್ಡಿ ಗೀರಿ ಹೋಗಿಬಿಡುತ್ತಾನೆ. ಊರವರಿಗೆ ಅದೊಂದು ತಮಾಷೆ. ಗುಡ್ಡದ ನೆತ್ತಿಯಲ್ಲಿ ಹೊಗೆ ಕಂಡರೆ ಕಟ್ಟೆಯ ಮೇಲೆ ಕೂತವರು, "ಗುಡ್ಡದಪ್ಪ ಈ ಸಲ ಲಗೂನ ಕ್ಷೌರ ಮಾಡಿಸ್ಕ್ಯಂಡ" ಎಂದು ನಗುತ್ತಾರೆ.

ಸುವರ್ಣಮ್ಮನಿಗೆ ನಗು ಬರುತ್ತಿರಲಿಲ್ಲ. ಅವಳ ಮನೆ ಊರೊಳಗಿರಲಿಲ್ಲ, ಗುಡ್ಡದ ಬುಡದಲ್ಲಿತ್ತು. ಗಂಡ ಕೊಟ್ರಬಸಪ್ಪ ಹತ್ತಿಯ ವ್ಯಾಪಾರಿ. ತನ್ನ ಶೇಂಗಾ ಹೊಲದ ಅಂಚಿಗೆ ಮನೆ ಕಟ್ಟಿಸಿ, ಹಿಂದಿನ ಎರಡು ಕೋಣೆಗಳಿಗೆ ಸೂರಿನ ತನಕ ಹತ್ತಿ ತುಂಬಿದ್ದ. ಮೇಲೆ ಬೇವಿನ ತೊಲೆಗಳು, ಕೆಳಗೆ ಹತ್ತಿ, ಹಿಂದೆ ಒಣಹುಲ್ಲಿನ ಗುಡ್ಡ. ಮಲಗಿದಾಗಲೆಲ್ಲ ಅವಳಿಗೆ ತಾನೊಂದು ಒಲೆಯೊಳಗೆ ಮಲಗಿದ್ದೇನೆ ಅನ್ನಿಸುತ್ತಿತ್ತು.

ಅವಳ ಹೆದರಿಕೆ ಸುಳ್ಳಿನದಲ್ಲ. ಸಿರುಗುಪ್ಪದ ತವರಿನಲ್ಲಿ, ಅವಳಿಗೆ ಒಂಬತ್ತು ವರ್ಷವಾಗಿದ್ದಾಗ, ಹಿತ್ತಿಲಿನ ಜೋಳದ ಸೊಪ್ಪೆಯ ಬಣವೆಗೆ ಬಿದ್ದ ಕಿಡಿ ಇಡೀ ಮನೆಯನ್ನು ನುಂಗಿತ್ತು. ಅಕ್ಕನ ಬಲಗೈ ಬೆಂದು ಬೆರಳುಗಳು ಒಂದಕ್ಕೊಂದು ಅಂಟಿಕೊಂಡವು. ಆ ಕೈಯನ್ನು ಸೆರಗಿನೊಳಗಿಟ್ಟುಕೊಂಡೇ ಅಕ್ಕ ನಲವತ್ತು ದಾಟಿದಳು. ಯಾರೂ ಅವಳನ್ನು ಕೇಳಿಕೊಂಡು ಬರಲಿಲ್ಲ. ಸುವರ್ಣಮ್ಮ ಬಳ್ಳಾರಿಯಲ್ಲಿ ಬಿ.ಎ. ಮುಗಿಸಿದಳು, ಮದುವೆಯಾದಳು. ಆದರೂ ಎಲ್ಲಿಯಾದರೂ ಸುಟ್ಟ ಕಮಟು ವಾಸನೆ ಬಂದರೆ ಮಾತಾಡುತ್ತಿದ್ದವಳು ಅರ್ಧಕ್ಕೇ ನಿಂತು ಗಾಳಿಯನ್ನು ಮೂಸುತ್ತಿದ್ದಳು.

ಎಪ್ಪತ್ತೆಂಟರ ಸಂಕ್ರಾಂತಿಯ ಮಾರನೆಯ ದಿನ ಅವಳು ಮನೆಯ ಹಿಂಗೋಡೆಗೆ ಬೆನ್ನು ಕೊಟ್ಟು ನಿಂತು ಗುಡ್ಡದ ಕಡೆಗೆ ಹೆಜ್ಜೆ ಎಣಿಸಿದಳು. ಎಂಟನೆಯ ಹೆಜ್ಜೆಗೇ ಜಾಲಿಯ ಮುಳ್ಳು ಸೀರೆಯನ್ನು ಹಿಡಿಯಿತು.

"ನಲವತ್ತು ಹೆಜ್ಜಿ ಬಯಲು ಬೇಕ್ರಿ" ಎಂದಳು ಗಂಡನಿಗೆ. "ಮನಿ ಸುತ್ತ. ಒಂದು ಹುಲ್ಲುಕಡ್ಡಿ ಇರಬಾರ್ದು."

"ಬಿ.ಎ. ಓದಿದ್ದು ಕಸಾ ತೆಗ್ಯಾಕಂತ ಗೊತ್ತಿದ್ರ, ನಾನು ಎಸ್ಸೆಸ್ಸೆಲ್ಸಿ ಹುಡುಗೀನ ನೋಡ್ತಿದ್ದೆ" ಎಂದು ಕೊಟ್ರಬಸಪ್ಪ ನಕ್ಕ. "ಮಾಡ್ಸು, ಬ್ಯಾಡ ಅನ್ನಂಗಿಲ್ಲ. ಹೊನ್ನೂರಮ್ಮಗ ಹೇಳು. ಕಡಿದಾಕಿಗೇ ಮುಳ್ಳು."

ಆ ಕಡೆಯ ಪದ್ಧತಿ ಅದು. ಜಾಲಿ ಕಡಿದವರಿಗೆ ಕೂಲಿ ಕೊಡುವುದಿಲ್ಲ. ಕಡಿದ ಮುಳ್ಳೇ ಅವರ ಕೂಲಿ. ಒಣಗಿಸಿ ಸೌದೆ ಮಾಡಿ ಮಾರಿಕೊಳ್ಳಬೇಕು.

ಹೊನ್ನೂರಮ್ಮನ ಗುಡಿಸಲು ಅದೇ ಹೊಲದ ಮೂಲೆಯಲ್ಲಿ, ಮನೆಯಿಂದ ಎಪ್ಪತ್ತು ಹೆಜ್ಜೆ ಆಚೆಗಿತ್ತು. ಅವಳ ಮಾವ ಎರ್ರೆಪ್ಪನನ್ನು ಕೊಟ್ರಬಸಪ್ಪನ ತಂದೆ ಹಿಂದೊಮ್ಮೆ ಹೊಲ ಕಾಯಲು ಅಲ್ಲಿ ಇರಿಸಿದ್ದರು. ಹೊನ್ನೂರಮ್ಮನ ಗಂಡ ಸತ್ತು ಐದು ವರ್ಷ. ಎರ್ರೆಪ್ಪನಿಗೆ ಸೊಂಟದಿಂದ ಕೆಳಗೆ ಸ್ವಾಧೀನವಿರಲಿಲ್ಲ. ಬೆಳಗ್ಗೆ ಸೊಸೆ ಅವನನ್ನು ಕೌದಿ ಸಮೇತ ಬಾಗಿಲಿಗೆ ಎಳೆದು ಕೂರಿಸಿದರೆ, ಮತ್ತೆ ಅವಳು ಬಂದು ಒಳಗೆ ಎಳೆಯುವತನಕ ಅವನು ಗುಡ್ಡ ನೋಡುತ್ತ ಕೂತಿರುತ್ತಿದ್ದ. ಗುಡಿಸಲಿನ ಹಿಂದೆ, ಗುಡ್ಡದ ಕಡೆಗೆ, ಆಳೆತ್ತರದ ಡಬ್ಬುಗಳ್ಳಿಯ ಸಾಲೊಂದು ಹಸಿರು ಗೋಡೆಯ ಹಾಗೆ ನಿಂತಿತ್ತು.

ಹೊನ್ನೂರಮ್ಮ ಬಾಯಿಯ ಹೆಂಗಸು. ಕೊಡಲಿ ಬೀಸುವಾಗಲೂ ಬಾಯಿ ಬೀಸುತ್ತಿದ್ದಳು. "ಅಮ್ಮಾರೆ, ಗುಡ್ಡ ಪೂರಾ ಬೋಳಿಸಿಬಿಡ್ಲೇನು? ಗುಡ್ಡಾ ಬಂದು ನಮ್ಮ ತೆಲಿಮ್ಯಾಗ ಕುಂದ್ರತೈತಿ, ಜ್ವಾಕಿ." ಮೂರು ವಾರ ಕಡಿದಳು. ಕಡಿದ ಮುಳ್ಳನ್ನೆಲ್ಲ ಹೊರೆ ಕಟ್ಟಿ ತನ್ನ ಗುಡಿಸಲಿನ ಗೋಡೆಗೆ ಒತ್ತಿಸಿ ಒಟ್ಟಿದಳು. ಬಯಲಿನಲ್ಲಿ ಬಿಡುವ ಹಾಗಿರಲಿಲ್ಲ. ಕಾಮನ ಹುಣ್ಣಿಮೆ ಹತ್ತಿರವಾಗುತ್ತಿತ್ತು. ಕಾಮನನ್ನು ಸುಡಲು ಊರ ಪಡ್ಡೆಗಳು ಯಾರ ಸೌದೆಯಾದರೂ ಕದಿಯಬಹುದು, ಕಳಕೊಂಡವರು ಕೇಳುವ ಹಾಗಿಲ್ಲ. ಕಣ್ಣೆದುರಿಗೆ, ಎರ್ರೆಪ್ಪನ ಕಾವಲಿನಲ್ಲಿ ಇದ್ದರೆ ಮಾತ್ರ ಉಳಿಯುತ್ತದೆ.

ಸುವರ್ಣಮ್ಮ ಅದನ್ನು ನೋಡಿದಳು. ಅವಳ ಕಣ್ಣಿಗೆ ಅಂಥದ್ದು ತಪ್ಪುತ್ತಿರಲಿಲ್ಲ. ಸೂರಿಗೆ ತಾಗುವಂತೆ ನಿಂತ ಒಟ್ಟಿಲು, ಅದರ ಮೇಲೆ ಬೋದೆ ಹುಲ್ಲಿನ ಚಾವಣಿ.

"ಹೊನ್ನೂರಮ್ಮ, ಅದನ್ನ ದೂರ ಹಾಕು."

"ಎಲ್ಲಿ ಹಾಕ್ಲಿ ಅಮ್ಮಾರೆ? ನಿಮ್ಮ ಅಂಗಳ ಖಾಲಿ ಐತಿ, ಅಲ್ಲಿ ಹಾಕ್ಲೇನು?"

ಸುವರ್ಣಮ್ಮ ಬೋಳು ಅಂಗಳವನ್ನೊಮ್ಮೆ ನೋಡಿದಳು. ಅಂಗಳದಲ್ಲಿ ಮುಳ್ಳು ಒಟ್ಟುವುದಾದರೆ ಕಡಿಸಿದ್ದು ಏತಕ್ಕೆ? 'ನಾನು ಹೇಳಿದ್ದೇನೆ' ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡು ಒಳಗೆ ಹೋದಳು.

ಆದರೂ ಸಮಾಧಾನವಾಗಲಿಲ್ಲ. ನಲವತ್ತು ಹೆಜ್ಜೆ ಸಾಕೇ? ಗಾಳಿ ಬೀಸಿದರೆ ಕಿಡಿ ಎಷ್ಟು ದೂರ ಹಾರುತ್ತದೆ? ಹೇಳುವವರು ಯಾರೂ ಇರಲಿಲ್ಲ. ಒಂದು ಮಧ್ಯಾಹ್ನ ಗಡಿಗೆಯಲ್ಲಿ ಮಜ್ಜಿಗೆ ತೆಗೆದುಕೊಂಡು ಎರ್ರೆಪ್ಪನ ಹತ್ತಿರ ಹೋದಳು. ಅವಳು ಹಾಗೆ ಹೋದದ್ದು ಅದೇ ಮೊದಲು. ಮುದುಕ ಹಿಗ್ಗಿಹೋದ.

"ತಾತ, ಇಷ್ಟು ವರ್ಷ ಗುಡ್ಡ ಸುಟ್ಟೈತಿ. ನಿನ್ನ ಗುಡಿಸ್ಲು ಯಾಕ ಸುಡಲಿಲ್ಲ?"

ಎರ್ರೆಪ್ಪ ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡ. ಹಿಂದಿನ ಕಳ್ಳಿಯ ಕಡೆ ಹೆಬ್ಬೆರಳು ತೋರಿಸಿದ. "ಅದು ಕಳ್ಳಿ ಅಲ್ಲಬೇ ಯವ್ವಾ, ಕೆರಿ. ಒಂದೊಂದು ಎಲಿಯಾಗ ಒಂದೊಂದು ಬಟ್ಲು ನೀರು ಐತಿ. ಬೆಂಕಿ ಅಲ್ಲೀತನ ಬರತೈತಿ, ಮುಸುಡಿ ತೊಯಿಸ್ಕ್ಯಂಡು ಹೊಳ್ಳಿ ಹೋಗತೈತಿ. ನನ್ನ ಮದಿವಿ ವರ್ಷ ಹಚ್ಚಿದ್ದು. ಆಕಿ ಸತ್ಲು, ಮಗ ಸತ್ತ, ಇದು ನೋಡು, ಹೆಂಗ ಸೊಕ್ಕೈತಿ!"

"ನಾನೂ ಹಚ್ಚಬೌದಾ?"

"ನಾಕು ಎಲಿ ಒಯ್ದು ಮಣ್ಣಾಗ ಊರು. ನೀರು ಸೈತ ಕೇಳಂಗಿಲ್ಲ. ಮೂರು ಮಳಿಗಾಲಕ್ಕ ಗ್ವಾಡಿ ಆಕೈತಿ."

ಮೂರು ಮಳೆಗಾಲ. ಸುವರ್ಣಮ್ಮ ಹಸಿರು ಗೋಡೆಯನ್ನೇ ನೋಡುತ್ತ ನಿಂತಳು. ಬೇಸಿಗೆ ಬರಲು ಮೂರು ವಾರ ಕೂಡ ಇರಲಿಲ್ಲ.

ಆ ರಾತ್ರಿ ಊಟಕ್ಕೆ ಬಡಿಸುತ್ತ, ಕಳ್ಳಿ ಇರುವ ನೆಲ ಯಾರ ಹೆಸರಿನಲ್ಲಿದೆ ಎಂದು ಗಂಡನನ್ನು ಕೇಳಿದಳು. ನಮ್ಮದೇ, ಇನ್ಯಾರದು ಎಂದ ಅವನು. ಸೋಮವಾರ ಎರಡು ಬಂಡಿ ಬಂದವು. ಆಳು ದುರುಗಪ್ಪ ಮತ್ತು ಹೊನ್ನೂರಮ್ಮ ಸೇರಿ ಇಡೀ ಸಾಲನ್ನು ಬೇರುಸಹಿತ ಅಗೆದು, ಕವೆಗೋಲಿನಿಂದ ಎತ್ತಿ ಬಂಡಿಗೆ ಹೇರಿ, ಸುವರ್ಣಮ್ಮನ ದೊಡ್ಡ ಮನೆಯ ಹಿಂದೆ, ಗುಡಿಸಲಿನ ಕಡೆಗೂ ತಿರುಗಿಸಿ, ಬಯಲಿನ ಅಂಚಿಗೆ ಬೇಲಿಯಾಗಿ ನೆಟ್ಟರು. ಎರಡು ದಿನ ಹಿಡಿಯಿತು. ಹೊನ್ನೂರಮ್ಮ ಅಂಗೈಗೆ ಚುಚ್ಚಿದ ಸಣ್ಣ ಮುಳ್ಳುಗಳನ್ನು ಹಲ್ಲಿನಿಂದ ಕಿತ್ತು ಉಗುಳುತ್ತ ಕೇಳಿದಳು:

"ಅಮ್ಮಾರೆ, ಇದನ್ನೆಲ್ಲ ಒಯ್ದ್ರ ನಮಗೇನು?"

"ಬಾರಿ ಹಣ್ಣಿನ ಕಂಟಿ ಉಳದಾವಲ್ಲ, ಅವನ್ನೂ ನೀನ ಕಡ್ಕ್ಯಾ. ಸೌದಿ ನಿಂದ."

ಎರ್ರೆಪ್ಪ ಆ ಎರಡು ದಿನವೂ ಬಾಗಿಲಲ್ಲಿ ಕೂತು ನೋಡಿದ. ಬಯ್ಯಲಿಲ್ಲ. "ಬೇರಿಗೆ ಮಣ್ಣು ಇರ್ಲಿ ದುರುಗ್ಯಾ, ಬೇರಿಗೆ ಮಣ್ಣು ಇರ್ಲಿ" ಎಂದಷ್ಟೇ ಹೇಳುತ್ತಿದ್ದ, ಮಗಳನ್ನು ಕಳಿಸಿಕೊಡುವವನ ಹಾಗೆ. ಆಮೇಲೆ ಅವನ ಬೆನ್ನ ಹಿಂದೆ ಗುಂಡಿಗಳ ಸಾಲು ಉಳಿಯಿತು. ಅದರಾಚೆ ಹುಲ್ಲು.

ಹೊಸ ಬೇಲಿಯಲ್ಲಿ ಗುಡಿಸಲಿಗೆ ಹೋಗುವ ದಾರಿಗೆಂದು ಒಂದು ಕಂಡಿ ಬಿಟ್ಟಿದ್ದರು. ಅದರಲ್ಲಿ ಮೇಕೆಗಳು ನುಗ್ಗಿದವು. ಶುಕ್ರವಾರ ಸುವರ್ಣಮ್ಮ ಅದನ್ನೂ ಮುಚ್ಚಿಸಿದಳು.

ಬೆಂಕಿ ಬಂದದ್ದು ಮುಂದಿನ ಬುಧವಾರ, ಕಾಮನ ಹುಣ್ಣಿಮೆಗೆ ಇನ್ನೂ ಆರು ದಿನ ಇರುವಾಗ, ಹಾಡುಹಗಲು. ಕೊಟ್ರಬಸಪ್ಪ ಬಳ್ಳಾರಿಯಲ್ಲಿದ್ದ. ಹೊನ್ನೂರಮ್ಮನೂ ಮಾವನನ್ನು ಒಳಗೇ ಮಲಗಿಸಿ, ಬೆಳಗಿನ ಬಸ್ಸಿನ ಮೇಲೆ ಎರಡು ಹೊರೆ ಸೌದೆ ಹಾಕಿಕೊಂಡು ಅಲ್ಲಿನ ಹೋಟೆಲುಗಳಿಗೆ ಮಾರಲು ಹೋಗಿದ್ದಳು. ಸುವರ್ಣಮ್ಮ ಮಾಳಿಗೆಯ ಮೇಲೆ ಸಂಡಿಗೆ ಹಾಕುತ್ತಿದ್ದಳು. ವಾಸನೆ ಮೊದಲು ಬಂತು. ತಲೆಯೆತ್ತಿದಾಗ ಗುಡ್ಡದ ಅರ್ಧಕ್ಕೆ ಕೆಂಪು ಗೆರೆಯೊಂದು, ಯಾರೋ ದಾರ ಎಳೆದಂತೆ, ಕೆಳಗಿಳಿಯುತ್ತಿತ್ತು.

ಅವಳು ಕೂಗಾಡಲಿಲ್ಲ. ಇದಕ್ಕಾಗಿಯೇ ಅಲ್ಲವೇ ಎರಡು ತಿಂಗಳಿಡೀ ದುಡಿದದ್ದು! ಕೆಳಗಿಳಿದು ದುರುಗಪ್ಪನನ್ನು ಕರೆದಳು. ಹಿತ್ತಿಲಲ್ಲಿ ಆರು ಪೀಪಾಯಿ ನೀರು ತುಂಬಿಸಿಟ್ಟಿದ್ದಳು. "ಹಿಂದಿನ ಗ್ವಾಡಿ ತೊಯಿಸು. ಕಿಟಕಿ ಬಾಗ್ಲಕ್ಕ ಹಸೇ ಗೋಣಿ ಹಾಕು."

ಬೆಂಕಿ ಬಯಲಿನ ಅಂಚಿಗೆ ಬಂದು ತಿನ್ನಲು ಏನೂ ಸಿಗದೆ ತಡವರಿಸಿತು. ಕಳ್ಳಿಯ ಸಾಲಿಗೆ ಬಿಸಿ ತಾಗಿ ಎಲೆಗಳು ಚುಂಯ್ ಎಂದವು, ಬೊಬ್ಬೆ ಎದ್ದವು, ಹಬೆ ಬಿಟ್ಟವು. ಹತ್ತಿಕೊಳ್ಳಲಿಲ್ಲ. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಸುವರ್ಣಮ್ಮ ಬೆಂಕಿಯನ್ನು ಕಣ್ಣಿಟ್ಟು ನೋಡಿದಳು.

ಆಗ ಗಾಳಿ ತಿರುಗಿತು. ಕೆಂಪು ಗೆರೆ ಬಯಲಿನ ಅಂಚು ಹಿಡಿದು ಓರೆಯಾಗಿ ಹುಲ್ಲಿನೊಳಗೆ ಓಡಿತು, ಗುಂಡಿಗಳ ಸಾಲನ್ನು ದಾಟಿತು.

"ಅಮ್ಮಾರೆ!" ದುರುಗಪ್ಪ ತುಂಬಿದ ಕೊಡ ಹಿಡಿದು ನಿಂತ. "ಮುದುಕ ಒಳಗ ಅದಾನ! ನೀರು ಒಯ್ತೀನಿ."

"ಮೊದಲು ಗ್ವಾಡಿ" ಎಂದಳು ಸುವರ್ಣಮ್ಮ. "ಒಳಗ ಹತ್ತಿ ಐತಿ. ಒಂದು ಕಿಡಿ ಬಿದ್ರ ಮುಗೀತು."

"ಅಮ್ಮಾರೆ, ಆತನ ಕಾಲು..."

"ನನಗ ಗೊತ್ತೈತಿ. ಗ್ವಾಡಿ ತೊಯಿಸು ಅಂದೆ."

ದನಿ ಏರಿರಲಿಲ್ಲ. ದುರುಗಪ್ಪ ಎರಡು ಕೊಡ ಗೋಡೆಗೆ ಹೊಯ್ದ. ಮೂರನೆಯದನ್ನು ನೆಲಕ್ಕೆ ಕುಕ್ಕಿ ಓಡಿದ. ಕಂಡಿ ಇದ್ದ ಜಾಗಕ್ಕೆ ಹೋಗಿ ನಿಂತ. ಅಲ್ಲಿ ಆಳೆತ್ತರದ ಕಳ್ಳಿ. ಹೊರಳಿ ಬಂದು ಅಂಗಳ ದಾಟಿ, ಮುಂದಿನ ಗೇಟು ತೆಗೆದು, ಬೇಲಿಯ ಗುಂಟ ಸುತ್ತು ಹಾಕಿ ಓಡಿದ. ಮುಳ್ಳಿನ ಒಟ್ಟಿಲು ಒಮ್ಮೆಲೇ ಹೊತ್ತಿ ಬುಸ್ಸೆಂದದ್ದನ್ನು ಸುವರ್ಣಮ್ಮ ಕಳ್ಳಿಯ ಸಂದಿಯಿಂದ ನೋಡಿದಳು. ಒಳಗಿನಿಂದ ಒಂದು ದನಿ "ಹೊನ್ನೂರಿ, ಹೊನ್ನೂರಿ" ಎಂದು ಎರಡು ಸಲ ಕರೆಯಿತು. ಬಳ್ಳಾರಿಗೆ ಹೋದವಳನ್ನು ಕರೆಯುತ್ತಿತ್ತು.

ದುರುಗಪ್ಪ ಅವನನ್ನು ಕೌದಿಯಲ್ಲಿ ಸುತ್ತಿ ಎಳೆದು ತಂದ. ದುರುಗಪ್ಪನ ಹುಬ್ಬುಗಳು ಸುಟ್ಟಿದ್ದವು. ಬೇರೆಲ್ಲೂ ನೆರಳಿರಲಿಲ್ಲ, ನಲವತ್ತು ಹೆಜ್ಜೆಯವರೆಗೆ ಒಂದು ಗಿಡವನ್ನೂ ಬಿಟ್ಟಿರಲಿಲ್ಲ. ಹಾಗಾಗಿ ಮುದುಕನನ್ನು ಕಳ್ಳಿಯ ಬುಡದಲ್ಲೇ ಮಲಗಿಸಿದರು. ಸೊಂಟದ ಮೇಲಕ್ಕೆ ಚರ್ಮ ಕೌದಿಗೆ ಅಂಟಿಬಂದಿತ್ತು. ಸುವರ್ಣಮ್ಮ ಚೊಂಬಿನಲ್ಲಿ ನೀರು ತಂದಳು. ನಾಲ್ಕು ಪೀಪಾಯಿ ಇನ್ನೂ ಮುಟ್ಟದೆ ಹಾಗೇ ಇದ್ದವು.

ಎರ್ರೆಪ್ಪ ಕಣ್ಣು ಬಿಟ್ಟ. ಅವಳನ್ನಲ್ಲ, ಅವಳ ಹಿಂದಿನ ಕಳ್ಳಿಯನ್ನು ನೋಡಿದ. ಬೊಬ್ಬೆ ಎದ್ದ ಎಲೆಗಳು, ಕೆಳಗೆ ತೊಟ್ಟಿಕ್ಕುತ್ತಿದ್ದ ನೀರು.

"ನೋಡಿದ್ಯಾ ಯವ್ವಾ" ಎಂದ. ಆ ಬೆಂದ ಮುಖದಲ್ಲಿಯೂ ಹೆಮ್ಮೆ ಇತ್ತು. "ನಾ ಹೇಳಿರಲಿಲ್ಲೇನು... ಸುಡಂಗಿಲ್ಲಂತ."

ಅವನು ಬಳ್ಳಾರಿಯ ಆಸ್ಪತ್ರೆಯಲ್ಲಿ ಮೂರನೆಯ ದಿನ ಸತ್ತ. ಅಲ್ಲಿಂದ ಮರಳಿದ ಹೊನ್ನೂರಮ್ಮ ಬಸ್ಸಿಳಿದು ನೇರವಾಗಿ ಸುಟ್ಟ ಜಾಗಕ್ಕೆ ಹೋಗಿ, ಬೂದಿಯ ಸುತ್ತ ಒಂದು ಸುತ್ತು ಬಂದು, ಗುಂಡಿಗಳನ್ನು ನೋಡಿ, ದೊಡ್ಡ ಮನೆಯ ಕಡೆ ನೋಡಿದಳು. ಸುವರ್ಣಮ್ಮನೇ ಬಾಗಿಲಿಗೆ ಬಂದು ಹೇಳಿದಳು: "ಒಟ್ಟಿಲು ದೂರ ಹಾಕು ಅಂತ ನಾ ಅವತ್ತೇ ಹೇಳಿದ್ದೆ, ಹೌದಿಲ್ಲೋ?"

"ಹೌದ್ರಿ. ಹೇಳಿದ್ರಿ."

ಊರವರು ಬಂದು ಮನೆ ನೋಡಿಕೊಂಡು ಹೋದರು. ಓದಿದ ಹೆಂಗಸೆಂದರೆ ಹೀಗಿರಬೇಕು ಎಂದರು. ಕೆಲವರು ಬಯಲಿನ ಹೆಜ್ಜೆ ಎಣಿಸಿದರು. ಕೊಟ್ರಬಸಪ್ಪ ಈಗ ನಗುತ್ತಿರಲಿಲ್ಲ. ಹೆಂಡತಿಯ ಹೆಸರು ಹೇಳುವಾಗ ಅವನ ಕತ್ತು ನೆಟ್ಟಗಾಗುತ್ತಿತ್ತು. ಸುಟ್ಟ ಮೂಲೆಯಲ್ಲಿ ಮತ್ತೆ ಗುಡಿಸಲು ಬೇಡ, ಬಯಲಾಗಿಯೇ ಇರಲಿ ಎಂದು ಅವನೇ ತೀರ್ಮಾನಿಸಿದ. ಆ ಕಡೆಗೆ ನಲವತ್ತು ಹೆಜ್ಜೆ ಇದ್ದದ್ದು ಎಪ್ಪತ್ತಾಯಿತು. ಹೊನ್ನೂರಮ್ಮನಿಗೆ ಹೊಲದ ಇನ್ನೊಂದು ತುದಿಯಲ್ಲಿ, ಹುಲ್ಲು ಇಳಿದು ಬರುವ ಕೊರಕಲಿನ ಬಾಯಿಯಲ್ಲಿ, ಜಾಗ ತೋರಿಸಿದ. ಅಲ್ಲಿ ಅವಳು ಹೊಸ ಬೋದೆ ಹುಲ್ಲು ಹೊದಿಸಿದಳು.

ಮುಂಗಾರು ಬಿದ್ದ ಮೇಲೆ ಕಡಿದ ಜಾಲಿಯ ಬುಡಗಳೆಲ್ಲ ಚಿಗುರಿದವು. ಹೊನ್ನೂರಮ್ಮ ಕೊಡಲಿ ಹಿಡಿದು ಬಂದಳು. ಬೇಲಿಯ ಹತ್ತಿರ ಸ್ವಲ್ಪ ಹೊತ್ತು ನಿಂತಳು. ಕಳ್ಳಿ ಹೂ ಬಿಟ್ಟಿತ್ತು.

"ಅಮ್ಮಾರೆ, ಇದರಾಗ ನಾಕು ಎಲಿ ಕೊಡ್ರಿ. ನನ್ನ ಗುಡಿಸ್ಲ ಹಿಂದ ಊರತೀನಿ. ಮೂರು ಮಳಿಗಾಲಕ್ಕ ಬರತೈತಂತ ಮಾವ ಅಂತಿದ್ದ."

ಸುವರ್ಣಮ್ಮ ಬೇಲಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಬೆಂಕಿಯಲ್ಲಿ ಬೊಬ್ಬೆ ಎದ್ದಿದ್ದ ಎಲೆಗಳು ಉದುರಿ ಅಲ್ಲಲ್ಲಿ ತೆಳುವಾಗಿತ್ತು. ಒಂದು ಕಡೆ ಆಚೆಯ ಬೆಳಕು ಕಾಣುತ್ತಿತ್ತು. ಯಾವ ನಾಲ್ಕು ಎಲೆ ಕೊಡಬಹುದು ಎಂದು ನಿಜವಾಗಿಯೂ ಹುಡುಕಿದಳು. ಒಂದೂ ಸಿಗಲಿಲ್ಲ.

"ಈ ವರ್ಷ ಬ್ಯಾಡ" ಎಂದಳು. "ಇದು ಇನ್ನೂ ದಟ್ಟ ಆಗಬೇಕು. ಮುಂದಿನ ವರ್ಷ ನೋಡೋಣಂತ."

ಹೊನ್ನೂರಮ್ಮ ತಲೆಯಾಡಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೊದಲನೆಯ ಬುಡಕ್ಕೆ ಕೊಡಲಿ ಹಾಕಿದಳು. ಸಂಜೆಯ ಹೊತ್ತಿಗೆ ಹದಿನಾರು ಹೊರೆಯಾಯಿತು.

"ಅಮ್ಮಾರೆ, ಈ ಮುಳ್ಳು?"

"ನಿಂದಲ್ಲೇನು?" ಎಂದಳು ಸುವರ್ಣಮ್ಮ. "ಇಲ್ಲಿ ಬಿಡಬ್ಯಾಡ. ನಿನ್ನ ಗುಡಿಸ್ಲ ಕಡಿ ಒಯ್ಯಿ."